ಹಪ್ಪಳದ ಮಣೆಯ ಬಾಯಲ್ಲಿ ಒಂದು ಎಲೆ

ನಾನು ಒಂದು ಹಪ್ಪಳದ ಮಣೆ. ಇದಕ್ಕೂ ಒಂದು ಆತ್ಮಕಥೆಯೇ ಎಂದು ಮೂಗು ಮುರಿಯುವವರು ಮುರಿಯಲಿ. ಧೋ ಎಂದು ಮಳೆ ಸುರಿಯುವ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ ಮುರಿಯುವಾಗ ಬರುವ ಸದ್ದಿನಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಯಾರೂ ನೆನೆಯುವುದಿಲ್ಲ. ನನಗೂ ಅದು ಅಭ್ಯಾಸವಾಗಿದೆ.

ನಾನು ಹುಟ್ಟಿದ್ದು ಅಕ್ಕಣಿ ಎಂಬ ಹುಡುಗಿಯ ತವರಿನ ಅಂಗಳದಲ್ಲಿ. ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ದು ಬಾಗಿಲು ಮಾಡಿದರು, ದಾರಂದ ಮಾಡಿದರು, ತೊಟ್ಟಿಲು ಮಾಡಿದರು. ಎಲ್ಲ ಆದ ಮೇಲೆ ಎರಡು ತುಂಡು ಹಲಗೆ ಉಳಿದವು. ಮಂಜಯ್ಯ ಆಚಾರ್ರು ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಒಲಿಗ್ ಹಾಕುಕ್ ಮನಸ್ ಬತ್ತಿಲ್ಲ" ಎಂದರು. ಕೆಳಗಿನ ಹಲಗೆಗೆ ನಾಲ್ಕು ಗಿಡ್ಡ ಕಾಲು ಬಂತು, ಮೇಲಿನದಕ್ಕೆ ಎರಡು ಹಿಡಿ ಬಂತು. ಒಳಮೈ ಎರಡೂ ನುಣ್ಣಗಾಗುವವರೆಗೆ ಆಚಾರ್ರು ಕೀಸುಳಿ ಎಳೆದರು. ಹೀಗೆ ನಾನಾದೆ. ಹಲಗೆ ಎರಡಾದರೂ ನನಗೆ ಜೀವ ಒಂದೇ. ನಡುವೆ ಏನಾದರೂ ಸಿಕ್ಕಾಗ ಮಾತ್ರ ಬದುಕಿದ್ದೇನೆ ಅನ್ನಿಸುತ್ತದೆ.

ಅಕ್ಕಣಿಗೆ ಮದುವೆಯಾದಾಗ ಅವಳ ಅಪ್ಪಯ್ಯ ನನ್ನನ್ನೂ ಜೊತೆಗೆ ಕಳಿಸಿದ. ಹೊಳೆ ದಾಟುವ ದೋಣಿಯಲ್ಲಿ ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿದ್ದಳು. ಅವಳ ಕಣ್ಣೀರು ನನ್ನ ಮೇಲೆ ನಾಲ್ಕು ಹನಿ ಬಿತ್ತು, ಸೆರಗಿನಿಂದ ಒರೆಸಿದಳು. ಮರಕ್ಕೆ ನೀರು ಒಳ್ಳೆಯದಲ್ಲ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು.

ನಾವು ಬಂದು ಸೇರಿದ್ದು ಮುಳ್ಳಿಕೋಡಿಗೆ. ಕುಂದಾಪುರದ ಕಡೆಯ ಕಡಲಂಚಿನ ಒಂದು ಸಣ್ಣ ಊರು ಅದು. ಮನೆಯ ಹಿಂದೆಯೇ ಏರು, ಏರು ಹತ್ತಿದರೆ ಗಾಳಿಹಕ್ಲು ಎಂಬ ಬೋಳು ಬಯಲು. ಕಣ್ಣು ಹಾಯಿಸಿದಷ್ಟು ದೂರ ಕೆಂಪು ಮುರಕಲ್ಲಿನ ಹಾಸು. ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟರೆ ಅಂಗಾಲು ಸುಡುತ್ತದೆ. ಪಡುವಣದ ಕೊನೆಯಲ್ಲಿ ಆ ಹಾಸು ತಟ್ಟನೆ ಮುಗಿದು, ಕೆಳಗೆ ಕಡಲು ಬಂದು ಬಂಡೆಗೆ ಬಡಿಯುತ್ತದೆ. ಬಲೆ ಎಳೆಯಲು ಅಲ್ಲಿ ಮರಳಿಲ್ಲ, ದೋಣಿ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಅಪರೂಪಕ್ಕೆ ಮಳಿ ಚಿಪ್ಪು ಆಯುವ ಹೆಂಗಸರ ಹೊರತು ಊರಿನವರಿಗೆ ಆ ಮೂಲೆಯಲ್ಲಿ ಏನೂ ಕೆಲಸವಿರಲಿಲ್ಲ. ಅಲೆಯ ಸದ್ದು ಬಿಟ್ಟರೆ ಅಲ್ಲಿ ಎಲ್ಲ ಮೌನ.

ನನ್ನ ಕೆಲಸ ವರ್ಷಕ್ಕೆ ಎರಡೇ ತಿಂಗಳು. ಬೆಳೆದ ಹಲಸಿನಕಾಯಿಯ ತೊಳೆ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟುವರು. ಎಣ್ಣೆ ಸವರಿದ ಎರಡು ಬಾಳೆಲೆ ತುಂಡಿನ ನಡುವೆ ಒಂದು ಉಂಡೆಯಿಟ್ಟು ನನ್ನ ಬಾಯಿಗೆ ಕೊಡುವರು. ಮೇಲಿನಿಂದ ಒಮ್ಮೆ ಮೈಭಾರ ಹಾಕಿದರೆ ಚಂದ್ರನಂಥ ಹಪ್ಪಳ. ಅದನ್ನು ಚಾಪೆಯ ಮೇಲೆ ಬಿಸಿಲಿಗೆ ಹಾಕುವುದು, ಕಾಗೆ ಕಾಯುವುದು. ಚೆನ್ನಾಗಿ ಒಣಗಿದರೆ ಗೆದ್ದ ಹಾಗೆ, ಸ್ವಲ್ಪ ಹಸಿಯಿದ್ದರೂ ಬೂಸ್ಟು. ಆ ಮನೆಯಲ್ಲಿ ಬಿಸಿಲಿಗಿಂತ ದೊಡ್ಡ ದೇವರಿರಲಿಲ್ಲ.

ಅಕ್ಕಣಿಯ ಮಗ ಶೀನ ದೊಡ್ಡವನಾಗಿ ದೇವಸ್ಥಾನದ ವಾಲಗಕ್ಕೆ ಸೇರಿದ. ಅವನ ಹೆಂಡತಿಯಾಗಿ ಜಲಜ ಬಂದಳು. ಅಷ್ಟರಲ್ಲಿ ಅಕ್ಕಣಿಯ ಮಂಡಿ ಹಿಡಿದುಕೊಂಡಿತ್ತು. ಒಂದು ಬೇಸಿಗೆ ಅವಳು ನನ್ನನ್ನು ಸೊಸೆಯ ಮುಂದೆ ಸರಿಸಿ, "ಇದ್ ನನ್ನ ಅಪ್ಪಯ್ಯ ಕೊಟ್ಟದ್. ನೀರ್ ತಾಗ್ಸ್ಬೇಡ" ಎಂದಳು. ಅಷ್ಟೇ. ಅದಕ್ಕಿಂತ ಹೆಚ್ಚು ಮಾತಾಡುವ ಹೆಂಗಸಲ್ಲ ಅವಳು.

ಜಲಜಳ ಕೈ ನನಗೆ ಮೊದಲ ದಿನವೇ ಹಿಡಿಸಿತು. ಅಕ್ಕಣಿ ಒತ್ತಿದರೆ ಜಗಳಕ್ಕೆ ಬಂದ ಹಾಗಿರುತ್ತಿತ್ತು. ಜಲಜ ಮೊದಲು ಮೆಲ್ಲಗೆ ಕೂಡಿಸಿ, ಆಮೇಲೆ ಭಾರ ಹಾಕುತ್ತಿದ್ದಳು. ಅವಳದ್ದು ನೋಡುವ ಸ್ವಭಾವ. ಹಪ್ಪಳದ ಅಂಚು ಸೀಳಿದರೆ ಯಾಕೆ ಸೀಳಿತು ಎಂದು ಬಗ್ಗಿ ನೋಡುವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂದರೆ ನಂಬಲಾಗುತ್ತಿರಲಿಲ್ಲ.

ಅವಳ ಆ ನೋಟಕ್ಕೆ ಹಬ್ಬವೆಂದರೆ ಸೋಣೆ ತಿಂಗಳು. ನಮ್ಮ ಕಡೆ ಆ ತಿಂಗಳಿಡೀ ಸಂಜೆ ಹೊಸ್ತಿಲಿಗೆ ಹೂವಿಟ್ಟು ಪೂಜಿಸುವ ಪದ್ಧತಿಯಿದೆ. ಹೊಸ್ತಿಲಲ್ಲಿ ಒಬ್ಬ ಅಜ್ಜಿ ಕೂತು ಮನೆ ಕಾಯುತ್ತಾಳಂತೆ, ಅವಳಿಗೆ ಕಾಡುಹೂವೇ ಆಗಬೇಕು. ಮಳೆ ಹೊಡೆದು ಹೊಡೆದು ಗಾಳಿಹಕ್ಲಿನ ಕಲ್ಲಿನ ಗುಂಡಿಗಳಲ್ಲಿ ಬೊಗಸೆಯಷ್ಟು ನೀರು ನಿಂತಿರುತ್ತದೆ. ಅದರ ಸುತ್ತ ಬೆರಳುದ್ದದ ಗಿಡಗಳಲ್ಲಿ ನೀಲಿ, ಬಿಳಿ, ಹಳದಿ. ಎರಡು ಮೂರು ವಾರದಲ್ಲಿ ಎಲ್ಲ ಮುಗಿದುಹೋಗುತ್ತದೆ. ಯಾವ ಗುಂಡಿಯ ಬದಿಯಲ್ಲಿ ಯಾವಾಗ ಯಾವುದು ಅರಳುತ್ತದೆ ಎಂಬುದು ಜಲಜಳಿಗೆ ಬಾಯಿಪಾಠ. ಅವಳೇ ಹೆಸರೂ ಇಟ್ಟಿದ್ದಳು. ಬಿಳಿ ತಲೆಯ ಸಣ್ಣ ಹೂವು ಅವಳಿಗೆ ಅಂಗಿಗುಂಡಿ, ನೇರಳೆಯದು ಅಜ್ಜಿಮೂಗುತಿ, ಅಂಟು ಹನಿಯ ಕೆಂಪು ಗಿಡ ಇಬ್ಬನಿಕಳ್ಳ.

ಅಂಥದೇ ಒಂದು ಸೋಣೆಯಲ್ಲಿ ಬೋನಿಫಾಸ್ ಮಾಸ್ಟ್ರು ನಮ್ಮ ಜಗಲಿಗೆ ಬಂದರು.

ಮಾಸ್ಟ್ರು ಪೇಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಇಗರ್ಜಿಯ ಹಿಂದಿನ ಮನೆಯಲ್ಲಿ ತಂಗಿ ಕಾರ್ಮಿನ್ ಬಾಯಿಯ ಜೊತೆಗಿದ್ದರು. ಮಳೆಗಾಲದಲ್ಲಿ ಗಾಳಿಹಕ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಹುಲ್ಲಿಗೆ ಕಣ್ಣು ಹಚ್ಚುವುದು ಅವರ ಚಟ. ಊರವರು ಮೊದಲ ಸಲ ನೋಡಿದಾಗ ಯಾರೋ ಸತ್ತಿದ್ದಾರೆಂದು ಓಡಿ ಬಂದಿದ್ದರಂತೆ. ಆಮೇಲೆ ಹುಲ್ಲು ಮಾಸ್ಟ್ರು ಎಂಬ ಹೆಸರು ಬಿತ್ತು.

ಆ ದಿನ ಜೋರು ಮಳೆ. ಮಾಸ್ಟ್ರು ಬುತ್ತಿ ಡಬ್ಬಿಯ ತುಂಬ ಹೂವಿಟ್ಟುಕೊಂಡು ಕೊಡೆ ಮಡಚುತ್ತಾ ಜಗಲಿ ಹತ್ತಿದರು. ಅವರ ಹೂವಿನ ಪ್ರೆಸ್ಸು ಗೆದ್ದಲು ಹಿಡಿದು ಹೋಗಿತ್ತು. ಪುಸ್ತಕದ ನಡುವೆ ಇಟ್ಟರೆ ಬೂಸ್ಟು ಬರುತ್ತಿತ್ತು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ಗೋಡೆಗೆ ಒರಗಿ ಕೂತಿದ್ದ ನನ್ನ ಮೇಲೆ ಬಿತ್ತು.

"ಅಕ್ಕಣಿಯಮ್ಮ, ಈ ಮಣೆ ಮಳೆಗಾಲದಲ್ಲಿ ಸುಮ್ಮನೆ ಕೂತಿರುತ್ತದಲ್ವಾ? ನನಗೆ ನಾಲ್ಕು ಹೂ ಒತ್ತಿಡಲಿಕ್ಕೆ ಬೇಕಿತ್ತು."

ಅಕ್ಕಣಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. "ಹೂಗ್ ಒತ್ತುದಾ? ಹೂಗ್ ತಲಿಗ್ ಮುಡುದ್, ದೇವ್ರಿಗ್ ಇಡುದ್. ಒತ್ತುದ್ ಎಂತಕ್ಕ್ ಮಾಸ್ಟ್ರೆ?"

"ಈ ವರ್ಷ ಇಲ್ಲಿ ಇದು ಇತ್ತು ಅಂತ ನೆನಪಿಗೆ."

ಅಕ್ಕಣಿಗೆ ಅದು ಉತ್ತರ ಅನ್ನಿಸಲಿಲ್ಲ. ಆದರೆ ಶೀನನಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ ಮಾಸ್ಟ್ರಿಗೆ ಇಲ್ಲ ಎನ್ನಲಾಗಲಿಲ್ಲ. "ಕಡಿಗ್ ಒಣ ಬಟ್ಟಿಯಾಗ್ ಒರ್ಸಿ ಬಿಸ್ಲಿಗ್ ಇಟ್ರ್ ಆಯ್ತ್" ಎಂದು ಒಪ್ಪಿದಳು.

ಮೊದಲ ಹೂವನ್ನು ಒತ್ತಿದ್ದು ಜಲಜ. ಅಭ್ಯಾಸಬಲ, ಕಾಗದಕ್ಕೆ ಅಂಟಬಾರದೆಂದು ಪೇಪರಿಗೆ ಎಣ್ಣೆ ಸವರಿಯೇ ಇಟ್ಟಳು. ಎರಡು ದಿನ ಕಳೆದು ತೆರೆದಾಗ ಮಾಸ್ಟ್ರು ನಕ್ಕು ನಕ್ಕು ಕೆಮ್ಮಿದರು. "ಇದನ್ನು ಇನ್ನು ಕರಿಯುವುದೊಂದೇ ಬಾಕಿ ಮಾರಾಯ್ತಿ." ಜಲಜಳೂ ನಕ್ಕಳು. ನನಗೆ ಮಾತ್ರ ಮರ್ಯಾದೆ ಹೋದ ಹಾಗಾಯಿತು. ಮೂವತ್ತೈದು ವರ್ಷದ ಅನುಭವಿ ನಾನು.

ಆದರೆ ಬೇಗ ಕಲಿತೆವು, ಅವಳೂ ನಾನೂ. ಒಣ ಪೇಪರು, ದಿನಕ್ಕೊಮ್ಮೆ ಬದಲು, ಒತ್ತಡ ಹದ. ಹಪ್ಪಳ ನನ್ನ ಬಾಯಲ್ಲಿ ಒಂದು ಉಸಿರಿನಷ್ಟು ಹೊತ್ತು ಇರುತ್ತಿತ್ತು. ಹೂವುಗಳು ವಾರಗಟ್ಟಲೆ ಉಳಿದುಕೊಂಡವು. ಅಷ್ಟು ಹೊತ್ತು ಯಾರ ಸಹವಾಸವೂ ನನಗಿರಲಿಲ್ಲ. ಅವುಗಳ ತೆಳುವಾದ ಮೈ ನನ್ನೆದೆಯ ಮೇಲೆ ಮೆಲ್ಲಗೆ ಒಣಗುವುದು ಗೊತ್ತಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅವುಗಳ ಮೇಲೆ ಪ್ರೀತಿ ಹುಟ್ಟಿತು.

ಅಂದಿನಿಂದ ಪ್ರತಿ ಸೋಣೆಯಲ್ಲಿ ಮಾಸ್ಟ್ರು ಮತ್ತು ಜಲಜ ಒಟ್ಟಿಗೆ ಹಕ್ಲಿಗೆ ಹೋಗುವುದು ರೂಢಿಯಾಯಿತು. ಅವಳು ದಾರಿ ತೋರಿಸುವಳು, ಅವರು ಹೆಸರು ಹೇಳುವರು. ಮಣಭಾರದ ಹೆಸರುಗಳು ಅವು. ಅದಕ್ಕೆ ಅಜ್ಜಿಮೂಗುತಿಯೇ ಚೆನ್ನಾಗಿದೆ ಎಂದು ಮಾಸ್ಟ್ರು ಹಾಳೆಯಲ್ಲಿ ಎರಡೂ ಬರೆದುಕೊಂಡರು. ಒಮ್ಮೆ ಜಗಲಿಯಲ್ಲಿ ಕೂತು, ಆ ಹೂವಿನ ಬೇರಿನಲ್ಲಿ ಸಣ್ಣ ಚೀಲಗಳಿವೆ, ನೀರಿನ ಹುಳಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ ಎಂದರು. ಜಲಜಳ ಕೈ ಬಾಯಿಗೆ ಹೋಯಿತು.

"ಅಬ್ಯೇ! ಹೊಸ್ಲಜ್ಜಿಗ್ ಇಟ್ಟ್ ಹೂಗ್ ಹುಳ ತಿಂತ್ತಾ?"

"ತಿನ್ನುತ್ತದೆ. ನಿನ್ನ ಇಬ್ಬನಿಕಳ್ಳನೂ ಅಷ್ಟೇ."

ಅವಳು ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದಳು. "ಅತ್ತಿಗ್ ಮಾತ್ರ ಹೇಳ್ಬೇಡಿ ಮಾಸ್ಟ್ರೆ." ಹೊಸ್ತಿಲಜ್ಜಿಗೆ ಆ ವರ್ಷವೂ ಮುಂದಿನ ವರ್ಷವೂ ಅದೇ ಹೂವು ಹೋಯಿತು. ಅಜ್ಜಿ ಏನೂ ಅನ್ನಲಿಲ್ಲ.

ಹೂವಿಗಿಂತ ಹೆಚ್ಚಾಗಿ ಮಾಸ್ಟ್ರನ್ನು ಕಾಡುತ್ತಿದ್ದ ಇನ್ನೊಂದಿತ್ತು. ಹಕ್ಲಿನ ಕೊನೆಯಲ್ಲಿ, ಕಡಲಿಗೆ ಮುಖ ಮಾಡಿದ ಕೆಂಪು ಕಲ್ಲಿನ ಅಡಿಯಲ್ಲಿ, ಮೊಳದಷ್ಟು ದಪ್ಪದ ಕಪ್ಪು ಜೇಡಿಯ ಒಂದು ಪಟ್ಟಿಯಿದೆ. ನೀರಿಳಿದಾಗ ಮಾತ್ರ ಕಾಣುತ್ತದೆ. ಯಾವುದೋ ಕಾಲದಲ್ಲಿ, ಮನುಷ್ಯರೇ ಇಲ್ಲದಿದ್ದಾಗ, ಅಲ್ಲೊಂದು ಕೆರೆಯಿತ್ತು, ಸುತ್ತ ಕಾಡಿತ್ತು, ಎಲೆ ಬಿದ್ದು ಕೆಸರಿನಲ್ಲಿ ಹೂತಿತು, ಮೇಲಿನಿಂದ ಮಣ್ಣು ಬಂದು ಒತ್ತಿತು ಎಂದು ಮಾಸ್ಟ್ರು ಹೇಳಿದರು.

"ಅದೂ ಒಂದು ಹಪ್ಪಳದ ಮಣೆಯೇ ಜಲಜಾ. ಎಷ್ಟು ಲಕ್ಷ ವರ್ಷದಿಂದ ಬಾಯಿ ಮುಚ್ಚಿ ಹಿಡಿದುಕೊಂಡಿದೆಯೋ."

ನನಗೆ ಎಂಥ ಹೆಮ್ಮೆಯಾಯಿತೆಂದರೆ, ಆ ದಿನವಿಡೀ ನನ್ನ ಕಾಲು ನೆಲಕ್ಕೆ ತಾಗಿದ ಹಾಗಿರಲಿಲ್ಲ.

ಅಲ್ಲಿ ಮಾಸ್ಟ್ರಿಗೆ ಸಿಕ್ಕಿದ್ದು ಅರ್ಧ ಎಲೆ, ಕಾಲು ಎಲೆ, ಒಂದು ಕಡ್ಡಿ. ತೊಟ್ಟಿನಿಂದ ತುದಿಯವರೆಗೆ ಇಡಿಯಾದ ಒಂದೇ ಒಂದು ಎಲೆಯನ್ನು ಕಣ್ಣಾರೆ ನೋಡಬೇಕು ಎಂಬುದು ಅವರ ಆಸೆ. ಬೇರೇನೂ ಆಸೆಯಿದ್ದ ಹಾಗೆ ನನಗೆ ಕಾಣಲಿಲ್ಲ. ಆದರೆ ಅಷ್ಟರಲ್ಲಿ ಅವರು ಹೊಸ್ತಿಲು ಎಡವಲು ಶುರು ಮಾಡಿದ್ದರು. ಬದಿಯಲ್ಲಿಟ್ಟ ಚಾ ಲೋಟ ಕಾಣದೆ ಕೈ ತಾಗಿಸಿ ಚೆಲ್ಲುತ್ತಿದ್ದರು. ಕಣ್ಣಿನ ಡಾಕ್ಟ್ರಿಗೆ ತೋರಿಸಲು ಕಾರ್ಮಿನ್ ಬಾಯಿ ಅವರನ್ನು ಉಡುಪಿಗೆ ಕರೆದುಕೊಂಡು ಹೋದರು. ನಾಲ್ಕು ದಿನ ಅಲ್ಲೇ ನಿಲ್ಲಬೇಕಾಯಿತು.

ಆ ನಾಲ್ಕು ದಿನದಲ್ಲೇ ಜಲಜಳಿಗೆ ಎಲೆ ಸಿಕ್ಕಿತು.

ಅವಳು ನೀರಿಳಿದಾಗ ಬಂಡೆಯ ಮೇಲೆ ಮಳಿ ಚಿಪ್ಪು ಆಯಲು ಹೋಗಿದ್ದಳು. ಜೇಡಿಯ ಒಂದು ಹೆಂಟೆ ಕಳಚಿ ಬಿದ್ದಿತ್ತು. ಕತ್ತಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಹಪ್ಪಳದ ಅಟ್ಟಿ ಬಿಡಿಸಿದ ಹಾಗೆ ಎರಡಾಯಿತು. ಒಳಗೆ ಇಡಿಯಾದ ಎಲೆ. ಆಗಷ್ಟೇ ಉದುರಿದ್ದರ ಹಾಗೆ ಕಂದು ಬಣ್ಣ, ಅವಳು ನೋಡನೋಡುತ್ತಲೇ ಗಾಳಿ ತಾಗಿ ಕಪ್ಪಾಯಿತಂತೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಹಸುಗೂಸನ್ನು ತಂದ ಹಾಗೆ ತಂದಳು. ಅಂಗಳಕ್ಕೆ ಬಂದದ್ದೇ, "ಅತ್ತೀ, ಮಾಸ್ಟ್ರ ಎಲಿ ಸಿಕ್ತ್!" ಎಂದು ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಹೆಂಟೆ ಹಸಿಯಿತ್ತು. ಮಾಸ್ಟ್ರು ಬರಲು ಇನ್ನೂ ಎರಡು ದಿನ. ಹಸಿಯಾದದ್ದನ್ನು ಕೆಡದಂತೆ ಇಡುವುದು ಹೇಗೆಂದು ಆ ಮನೆಯಲ್ಲಿ ಯಾರೂ ಯೋಚಿಸಬೇಕಾಗಿರಲಿಲ್ಲ. ಅಪರೂಪಕ್ಕೆ ಮರುದಿನ ಖಡಕ್ ಬಿಸಿಲು ಬಿತ್ತು. ಜಲಜ ಹಪ್ಪಳದ ಚಾಪೆ ಹಾಸಿ, ನಡುವೆ ಆ ಹೆಂಟೆಯನ್ನಿಟ್ಟು, ಕಾಗೆ ಮುಟ್ಟದಂತೆ ಮೇಲೊಂದು ತೆಳು ಬಟ್ಟೆ ಹಾಕಿದಳು. ಅಕ್ಕಣಿ ಬಂದು ನೋಡಿ, "ಇನ್ನೊಂಚೂರ್ ಆಚಿಗ್ ಇಡ್, ಅಲ್ಲ್ ಬಿಸ್ಲ್ ಜಾಸ್ತಿ" ಎಂದಳು. ಜಗಲಿಯಿಂದ ನೋಡುತ್ತಿದ್ದ ನನಗೂ ಅದೇ ಸರಿ ಅನ್ನಿಸಿತ್ತು. ನಮ್ಮ ಮೂವರ ಬಾಳಿನಲ್ಲಿ ಬಿಸಿಲು ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ಮಧ್ಯಾಹ್ನ ಬಟ್ಟೆಯ ಅಡಿಯಿಂದ ಟಕ್ ಎಂದಿತು. ಜಲಜ ಓಡಿ ಬಂದಳು. ಹೆಂಟೆಯ ನಡುವೆ ಬಿರುಕು. ಅವಳು ನೆರಳಿಗೆ ಎತ್ತಿಕೊಳ್ಳುವಷ್ಟರಲ್ಲಿ ಇನ್ನೆರಡು. ಸಂಜೆಗೆ ಬತ್ತಿದ ಗದ್ದೆಯ ನೆಲದ ಹಾಗೆ ಅದು ಚೂರುಚೂರಾಗಿ ಅಂಚು ಮೇಲೆದ್ದಿತ್ತು. ಮುಟ್ಟಿದಲ್ಲೆಲ್ಲ ಎಲೆ ಪುಡಿಯಾಗಿ ಉದುರುತ್ತಿತ್ತು. ಅವಳು ಚೂರುಗಳನ್ನು ಗೆರಸೆಯಲ್ಲಿ ಜೋಡಿಸುತ್ತಾ ಕೂತಳು. ಹೊಸ್ತಿಲಿಗೆ ಹೂವಿಡುವುದು ಅವಳಿಗೆ ಆ ಸಂಜೆ ಮರೆತುಹೋಯಿತು, ಅಕ್ಕಣಿಯೇ ಇಟ್ಟಳು.

ಮಾಸ್ಟ್ರು ಬಂದರು. ಡಾಕ್ಟ್ರು ಹೇಳಿದ್ದನ್ನು ಮೊದಲು ಹೇಳಿದರು. ಕತ್ತಲೆ ಬದಿಗಳಿಂದ ನಡುವಿಗೆ ಬರುತ್ತಾ ಉಂಟು, ಹೋದದ್ದು ತಿರುಗಿ ಬರುವುದಿಲ್ಲ, ಇರುವುದು ಒಂದು ವರ್ಷವೋ ಒಂದೂವರೆಯೋ. ಮಾರ್ಕ್ಸ್ ಕಾರ್ಡು ಓದಿದ ಹಾಗೆ ಓದಿದರು. ಜಲಜ ಗೆರಸೆ ತಂದಿಟ್ಟಳು. ಅವರು ಬಗ್ಗಿ, ಒಂದೊಂದು ಚೂರನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತಾಯಿತು.

"ಬಿಸಿಲಿಗಿಟ್ಟೆಯಾ?"

"ಹೌದ್ ಮಾಸ್ಟ್ರೆ."

"ಕಡೆಗೂ ಹಪ್ಪಳ ಮಾಡಿಬಿಟ್ಟೆ ಅಲ್ವಾ."

ನಗೆಯಾಡಲೆಂದೇ ಅಂದದ್ದು. ಆದರೆ ಅವರ ದನಿ ನಡುವೆ ಒಡೆಯಿತು. ಅವರು ಕೊಡೆ ತೆಗೆದುಕೊಂಡು ಹೊರಟರು. ಜಲಜ ಅಡುಗೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಅತ್ತಳು. ಆ ವರ್ಷ ಮತ್ತೆ ಇಬ್ಬರೂ ಹಕ್ಲಿಗೆ ಹೋಗಲಿಲ್ಲ. ನನ್ನ ಬಾಯಲ್ಲಿದ್ದ ಹೂಗಳನ್ನು ಕಾರ್ಮಿನ್ ಬಾಯಿ ಬಂದು ತೆಗೆದುಕೊಂಡು ಹೋದರು.

ಮರುವರ್ಷ ಮಾಸ್ಟ್ರು ಮನೆಯಿಂದ ಹೊರಡುವುದನ್ನೇ ಬಿಟ್ಟಿದ್ದರು. ಪಪ್ಪಾಯಿ ದಂಟಿನ ತೂತಿನಲ್ಲಿ ನೋಡಿದಷ್ಟೇ ಕಾಣುತ್ತದೆ ಎಂದು ಅವರು ಅಂದರಂತೆ. ಜಲಜ ಒಬ್ಬಳೇ ಹೋಗತೊಡಗಿದಳು. ನೀರಿಳಿಯುವ ಹೊತ್ತು ನೋಡಿ, ಬೆಳಿಗ್ಗೆಯಾದರೆ ಬೆಳಿಗ್ಗೆ, ಮಧ್ಯಾಹ್ನವಾದರೆ ಮಧ್ಯಾಹ್ನ. ಬರುವಾಗ ಹೊಸ್ತಿಲಿಗೆ ಹೂವು ತರುವಳು, ಆದರೆ ಹೂವಿನ ಮೇಲೆ ಅವಳ ಮನಸ್ಸಿರಲಿಲ್ಲ. "ಆ ಕಲ್ಲಿನ್ ಬುಡದಾಗ್ ಎಂತ ಇತ್ತ್ ಹೆಣೆ ನಿಂಗೆ? ಅಲಿ ಹೊತ್ಕಂಡ್ ಹೋತ್ತ್" ಎಂದು ಅಕ್ಕಣಿ ಗದರಿದಳು. ಜಲಜ, "ಒಂದ್ ಎಲಿ ಸಾಲ ಇತ್ತ್ ಅತ್ತಿ" ಎಂದಳು.

ಇಪ್ಪತ್ತಮೂರನೇ ದಿನ ಅವಳು ಕೆಸರು ಮೆತ್ತಿದ ಕೈಯಲ್ಲಿ, ಸದ್ದಿಲ್ಲದೆ ಹಿತ್ತಿಲ ಬಾಗಿಲಿನಿಂದ ಬಂದಳು. ಈ ಸಲ ಕೂಗಲಿಲ್ಲ. ಮೂರು ಬೆರಳು ದಪ್ಪದ ಹೆಂಟೆ, ಬದಿಯಲ್ಲಿ ಮಾತ್ರ ಸ್ವಲ್ಪ ಬಿಡಿಸಿದ್ದಳು, ಒಳಗೆ ತೊಟ್ಟು ಕಾಣುತ್ತಿತ್ತು. ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಳು. ಗಲ್ಲಕ್ಕೆ ಕೈ ಕೊಟ್ಟು ಒಂದು ಗಳಿಗೆ ನನ್ನನ್ನೇ ನೋಡಿದಳು.

ಬಿಸಿಲಲ್ಲಿ ಹಪ್ಪಳ ಸುರುಟಿಕೊಳ್ಳಲು ನೋಡುತ್ತದೆ, ಮೇಲೆ ಭಾರವಿಟ್ಟರೆ ಸುರುಟುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಕುಂಬಾರರು ಹಸಿ ಮಡಕೆಯನ್ನು ಬಿಸಿಲಿಗೆ ತೋರಿಸದೆ ನೆರಳಲ್ಲಿ ಒಣಗಿಸುತ್ತಾರೆ. ಇದೂ ಗೊತ್ತಿತ್ತು. ಎರಡನ್ನೂ ಅವಳು ಒಟ್ಟಿಗೆ ಹಾಕಿ ನೋಡಿದ್ದು ಆವತ್ತು. ಹಳೆಯ ಹತ್ತಿ ಸೀರೆ ಹರಿದು, ನೀರಲ್ಲಿ ಅದ್ದಿ ಹಿಂಡಿ, ಹೆಂಟೆಗೆ ಸುತ್ತಿ ನನ್ನ ಬಾಯಲ್ಲಿಟ್ಟಳು. ಮೇಲಿನ ಹಲಗೆಯನ್ನು ತೆಂಗಿನ ಹುರಿಯಿಂದ ನಾಲ್ಕು ಮೂಲೆಗೂ ಬಿಗಿದಳು. ಅಕ್ಕಿ ಪೆಟ್ಟಿಗೆಯ ಅಡಿಯ ಕತ್ತಲಿಗೆ ನನ್ನನ್ನು ತಳ್ಳಿದಳು. ನೂಕುವ ಮೊದಲು ನನ್ನ ಮೇಲೆ ಕೈಯಿಟ್ಟು, "ಜ್ವಾಪಾನ" ಎಂದಳು. ಯಾರಿಗೆ ಹೇಳಿದಳೋ, ನನಗೇ ಹೇಳಿದಳೆಂದು ನಾನು ತಿಳಿದುಕೊಂಡೆ.

ಮಾಸ್ಟ್ರಿಗೆ ಮಾತ್ರ ಅವಳು ಹೇಳಲಿಲ್ಲ. ಮತ್ತೆ ಒಡೆದರೆ, ಅದನ್ನು ಅವರಿಗೆ ಎರಡನೇ ಸಲ ತೋರಿಸುವ ಧೈರ್ಯ ಅವಳಲ್ಲಿರಲಿಲ್ಲ.

ಐದು ದಿನಕ್ಕೊಮ್ಮೆ ಬಟ್ಟೆ ಬದಲು. ಪ್ರತಿ ಸಲ ಸ್ವಲ್ಪ ಕಡಿಮೆ ಒದ್ದೆ. ಜೇಡಿಯ ತಣ್ಣನೆ ನನ್ನ ನರನರಕ್ಕೂ ಇಳಿಯಿತು. ಹೊಟ್ಟೆಯಲ್ಲಿ ಬೂಸ್ಟು ಹಿಡಿಯಿತು. ಒಂದು ಮೂಲೆಯಿಂದ ಮೈ ಮೆಲ್ಲಗೆ ಸೊಟ್ಟಗಾಗುವುದು ನನಗೆ ತಿಳಿಯುತ್ತಿತ್ತು. ಮರದ ಜಾತಿ, ನೀರು ಕುಡಿದರೆ ಬಾಗಲೇಬೇಕು. ಇನ್ನು ನನ್ನಿಂದ ಹಪ್ಪಳವಾಗದು ಎಂದು ತಿಳಿದಾಗ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎದೆಯ ಮೇಲೆ ಆ ಎಲೆ ಬಿರಿಯದೆ ಮಲಗಿತ್ತು. ಆ ದುಃಖವನ್ನು ನಾನು ಮಲಗಲು ಬಿಟ್ಟೆ.

ದೀಪಾವಳಿಗೆ ಮನೆ ಗುಡಿಸುವಾಗ ಅಕ್ಕಣಿ ನನ್ನನ್ನು ಕಂಡಳು. ಎಳೆದು ನೋಡಿದಳು. ಬಾಗಿದ ಮೂಲೆ, ಒದ್ದೆ ಬಟ್ಟೆ, ಬೂಸ್ಟು. ಅವಳ ಮುಖ ಬಿಳುಚಿತು.

"ನನ್ನ ಅಪ್ಪಯ್ಯ ಕೊಟ್ಟ ಮಣೆ ಜಲಜ. ನೀರ್ ತಾಗ್ಸ್ಬೇಡ ಅಂದಿದ್ದೆ."

ಜಲಜ ಅವಳ ಕಾಲಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದಳು. "ಅವತ್ತ್ ಚಾಪಿ ಹಾಸದ್ ನಾನ್ ಅತ್ತಿ. ಅವ್ರ್ ಕಾಂಬುಕಿದ್ದದ್ ಒಂದೇ ಒಂದ್. ಅದನ್ನ ನಾನ್ ಹಾಳ್ ಮಾಡ್ದೆ." ಅಕ್ಕಣಿ ಎದ್ದು ಹೋದಳು. ಎರಡು ದಿನ ಸೊಸೆಯೊಡನೆ ಮಾತಿಲ್ಲ. ಮೂರನೇ ದಿನ ಜಲಜ ಪೇಟೆಗೆ ಹೋಗಿದ್ದಾಗ, ಮಂಡಿ ಹಿಡಿದ ಆ ಮುದುಕಿ ಗೋಡೆ ಹಿಡಿದು ಕುಳಿತು, ನನ್ನನ್ನು ಎಳೆದುಕೊಂಡು, ಹುರಿ ಬಿಚ್ಚಿ ಬಟ್ಟೆ ಬದಲಿಸಿದಳು. ತನ್ನ ಮೆತ್ತನೆಯ ಹಳೆ ಸೀರೆಯನ್ನೇ ಹರಿದಿದ್ದಳು. ಗಂಟು ಮಾತ್ರ ಎಂದಿನಂತೆ ಜಗಳಕ್ಕೆ ಬಂದ ಹಾಗೆ ಬಿಗಿದಳು. "ಅವತ್ತ್ ಆಚಿಗ್ ಇಡ್ ಅಂದದ್ ನಾನ್" ಎಂದು ನನ್ನ ಹತ್ತಿರ ಗೊಣಗಿದಳು.

ಕ್ರಿಸ್‌ಮಸ್ಸಿನ ಮರುದಿನ ಕಾರ್ಮಿನ್ ಬಾಯಿ ಹಬ್ಬದ ಕುಸ್ವಾರ್ ಸಿಹಿತಿಂಡಿಯ ತಟ್ಟೆ ಹಿಡಿದು ಬಂದರು. ತಟ್ಟೆ ಕೊಟ್ಟು, ಹೋಗದೆ ನಿಂತರು. "ಈಗ ಅಣ್ಣನಿಗೆ ಒಂದು ಬೆರಳಗಲ ಬೆಳಕು ಉಂಟಂತೆ ಜಲಜ. ಕಿಟಕಿಯ ಹತ್ತಿರ ಹಿಡಿದರೆ ನನ್ನ ಮುಖ ತುಂಡು ತುಂಡಾಗಿ ಕಾಣುತ್ತದಂತೆ. ಜನವರಿ ದಾಟುವುದಿಲ್ಲ ಅಂತ ಅವನೇ ಹೇಳುತ್ತಾನೆ."

ಅವರು ಹೋದ ಕೂಡಲೇ ಜಲಜ ನನ್ನನ್ನು ಹೊರಗೆ ಎಳೆದಳು. ಒಂದು ಗಂಟು ಬಿಚ್ಚಿದಳು. ಎರಡನೆಯದು ಬಿಚ್ಚಿದಳು. ಬಟ್ಟೆಯ ಅಂಚು ಸರಿಸಿದರೆ ಹೆಂಟೆಯ ಹೊರಮೈ ಒಣಗಿತ್ತು, ಒಳಗಿನ್ನೂ ತಣ್ಣಗಿತ್ತು. ಗಾಳಿ ತಾಗಿದ್ದೇ ತಡ, ಮೂಲೆಯಲ್ಲಿ ಕೂದಲೆಳೆಯ ಬಿರುಕೊಂದು ಮೂಡಿತು.

ಈಗ ತೆಗೆದುಕೊಂಡು ಓಡಿದರೆ ಮಾಸ್ಟ್ರು ಎಲೆಯನ್ನು ಕಣ್ಣಾರೆ ನೋಡುತ್ತಾರೆ. ಸಂಜೆಗೆ ಅದು ಚೂರು. ಕಾದರೆ ಎಲೆ ಉಳಿಯುತ್ತದೆ, ನೋಡುವ ಕಣ್ಣು ಉಳಿಯುವುದಿಲ್ಲ. ನನಗೆ ಬಾಯಿದ್ದೂ ಮಾತಿಲ್ಲ. ಇದ್ದಿದ್ದರೂ ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಜಲಜ ಒಂದು ಸಲ ಎದ್ದು ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ಕೊನೆಗೆ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಮತ್ತೆ ಸುತ್ತಿ, ಎರಡು ಗಂಟನ್ನೂ ಮೊದಲಿನಂತೆ ಹಾಕಿದಳು. ಹಾಕುವಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಶಿವರಾತ್ರಿ ಕಳೆದ ವಾರ ಹೆಂಟೆ ಪೂರ್ತಿ ಒಣಗಿತು. ಮಾಸ್ಟ್ರ ಕಣ್ಣು ಅದಕ್ಕೂ ಒಂದು ತಿಂಗಳು ಮೊದಲೇ ಮುಗಿದಿತ್ತು.

ಜಲಜ ನನ್ನನ್ನು ತಲೆಯ ಮೇಲೆ ಹೊತ್ತು ಇಗರ್ಜಿಯ ಹಿಂದಿನ ಮನೆಗೆ ನಡೆದಳು. ಮಾಸ್ಟ್ರು ಜಗಲಿಯ ಬೆಂಚಿನಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಹೆಜ್ಜೆಯ ಸದ್ದಿಗೆ ಮುಖ ಎತ್ತಿ, "ಯಾರು, ಜಲಜನಾ?" ಎಂದರು. ಅವಳು ನನ್ನನ್ನು ಬೆಂಚಿನ ಮೇಲಿಟ್ಟಳು. ಹುರಿ ಬಿಚ್ಚಿ, ಕತ್ತಿಯ ತುದಿಯನ್ನು ಹೆಂಟೆಯ ಬದಿಗೆ ಕೊಟ್ಟು ಮೆಲ್ಲಗೆ ತಿರುಗಿಸಿದಳು. ಅದು ಎರಡು ಹಾಳೆಯಾಗಿ ಬಿಡಿಸಿಕೊಂಡಿತು. ಇಡಿಯಾದ ಎಲೆ. ಮೂಲೆಯ ಕೂದಲೆಳೆ ಬಿಟ್ಟರೆ ಎಲ್ಲಿಯೂ ಒಂದು ಬಿರುಕಿಲ್ಲ.

"ಮಾಸ್ಟ್ರೆ, ಎಲಿ ಸಿಕ್ಕಿ ಆರ್ ತಿಂಗಳಾಯ್ತ್. ಒಣ್ಗುಕೆ ಇಟ್ಟಿದ್ದೆ. ನಾನ್..." ಅವಳು ಬಿಚ್ಚಿದ ಹುರಿಯನ್ನು ಬೆರಳಿಗೆ ಸುತ್ತಿದಳು. "ನಾನ್ ತಡ ಮಾಡ್ದೆ."

ಮಾಸ್ಟ್ರು ಕೈ ಮುಂದೆ ಚಾಚಿದರು. ಜಲಜ ಆ ಕೈಯನ್ನು ಹಿಡಿದು ತೊಟ್ಟಿನ ಮೇಲಿಟ್ಟಳು. ಅವರ ಬೆರಳು ನನ್ನ ಬಾಗಿದ ಅಂಚನ್ನು ದಾಟಿ ಎಲೆಯ ಬೆನ್ನಿಗೆ ಇಳಿಯಿತು. ನಡುನರದ ಸಣ್ಣ ತೋಡಿನಲ್ಲಿ ತುದಿಯವರೆಗೆ ಹೋಯಿತು, ತಿರುಗಿ ಬಂತು. ಆಮೇಲೆ ಉಗುರಿನ ಬದಿಯಿಂದ ಅಡ್ಡಡ್ಡ ನೋಡಿದರು. ಕೂದಲಿನಷ್ಟು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಬಾಚಣಿಗೆ ಎಳೆದ ಹಾಗೆ ಒತ್ತೊತ್ತಾಗಿ.

"ಅಂಚಿನವರೆಗೂ ಹೀಗೇ ಉಂಟಾ ಗೆರೆ?"

"ಹೌದ್."

"ತುದಿ ಗುಂಡಗೆ?"

"ಹೌದ್ ಮಾಸ್ಟ್ರೆ."

"ಹೊನ್ನೆ!" ಎಂದರು ಮಾಸ್ಟ್ರು. ಕ್ಲಾಸಿನಲ್ಲಿ ಸರಿಯುತ್ತರ ಸಿಕ್ಕಿದ ಹುಡುಗನ ದನಿ ಅದು. "ನಮ್ಮ ಹೊನ್ನೆ ಮರ, ಇಲ್ಲವೇ ಅದರ ಮುತ್ತಜ್ಜಿ. ಕಾರ್ಮಿನ್, ಹಿತ್ತಿಲ ಮರದ ಒಂದು ಎಲೆ ತಾ, ಬೇಗ!"

ಕಾರ್ಮಿನ್ ಬಾಯಿ ಓಡಿ ಹೋಗಿ ಹಸಿರೆಲೆ ತಂದರು. ಒಂದು ಕೈ ಹಸಿರೆಲೆಯ ಮೇಲೆ, ಒಂದು ಕೈ ನನ್ನೊಳಗಿನ ಎಲೆಯ ಮೇಲೆ. ಅದೇ ನರ, ಅದೇ ಗೆರೆ. ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಜಲಜಾ, ನೀನೂ ಮುಟ್ಟು. ಹಾಗಲ್ಲ, ಕಣ್ಣು ಮುಚ್ಚು."

ಅವಳು ಕಣ್ಣು ಮುಚ್ಚಿದಳು. ಅವರು ಅವಳ ಬೆರಳನ್ನು ಹಿಡಿದು ಗೆರೆಗೆರೆಯ ಮೇಲೆ ನಡೆಸಿದರು. ಆ ಮಧ್ಯಾಹ್ನ ಆ ಬೆಂಚಿನಲ್ಲಿ ಎರಡು ಬೆರಳು ನನ್ನೆದೆಯ ಮೇಲೆ ಓಡಾಡಿದ್ದನ್ನು ನಾನು ಮರೆಯಲಾರೆ.

ಅಲ್ಲಿಂದ ನಾನು ಮನೆಗೆ ಮರಳಲಿಲ್ಲ. ಬಾಗಿದ ಮಣೆಯಿಂದ ಹಪ್ಪಳವಾಗದು. ಅಕ್ಕಣಿ ಆ ಬೇಸಿಗೆಗೆ ಕಬ್ಬಿಣದ ಒಂದು ಯಂತ್ರ ತರಿಸಿಕೊಂಡಳು, ಮತ್ತು ಅದನ್ನು ದಿನಾ ಬೈಯುತ್ತಾಳಂತೆ. ಕೇಳಿ ನನಗೆ ಸಂತೋಷವಾಯಿತು. ನನ್ನ ಜಾಗ ಈಗ ಮಾಸ್ಟ್ರ ಕಿಟಕಿಯ ಕೆಳಗಿನ ಮೇಜು. ಕೆಳಗಿನ ಹಲಗೆಯ ಮೇಲೆ ಎಲೆ, ಅದರ ಮೇಲೆ ಒಂದು ಮೆತ್ತನೆ ಬಟ್ಟೆ, ಮೇಲಿನ ಹಲಗೆ ಮುಚ್ಚಳ. ಸೊಟ್ಟಗಾದ ಮೂಲೆಯಿಂದ ಒಂದಿಷ್ಟು ಗಾಳಿಯೂ ಬರುತ್ತದೆ. ಒತ್ತುವ ಕೆಲಸವಿಲ್ಲ, ಹಿಡಿದುಕೊಂಡಿದ್ದರೆ ಸಾಕು. ಮುದಿಪ್ರಾಯಕ್ಕೆ ಇದಕ್ಕಿಂತ ಹಗುರ ಕೆಲಸ ಯಾರಿಗೆ ಸಿಕ್ಕೀತು?

ಜಲಜ ಸೋಣೆಯಲ್ಲಿ ಹೂವು ತರುತ್ತಾಳೆ, ವಾರಕ್ಕೊಮ್ಮೆ ಸುಮ್ಮನೆ ಬರುತ್ತಾಳೆ. ಒಳಗಿನ ಮುಳ್ಳು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಮೊನ್ನೆ ಒಂದು ಸಂಜೆ ಕೇಳಿಯೇ ಬಿಟ್ಟಳು.

"ಕ್ರಿಸ್‌ಮಸ್ಸಿಗೇ ತೆಗ್ದ್ ತೋರ್ಸಿದ್ರೆ ನೀವ್ ಕಾಂತಿದ್ರಿ ಅಲ್ದಾ ಮಾಸ್ಟ್ರೆ?"

ಮಾಸ್ಟ್ರು ಸುಳ್ಳು ಹೇಳುವವರಲ್ಲ.

"ಕಾಣುತ್ತಿದ್ದೆ. ಒಂದು ಮಧ್ಯಾಹ್ನ. ಸಂಜೆಗೆ ಎಲೆ ಹೋಗುತ್ತಿತ್ತು, ತಿಂಗಳಿಗೆ ಕಣ್ಣು. ಈಗ ಬೆಳಿಗ್ಗೆ ಎದ್ದ ಕೂಡಲೇ ಕಾಣುತ್ತೇನೆ ಜಲಜಾ. ದಿನಾ ಕಾಣುತ್ತೇನೆ."

ಹಾಗೆಂದು ಅವರು ಕೈ ಚಾಚಿ, ತಡವರಿಸದೆ ನನ್ನ ಹಿಡಿ ಹುಡುಕಿ, ಮೇಲಿನ ಹಲಗೆಯನ್ನು ಎತ್ತಿದರು.